ಚಿಕ್ಕ ಸೌಟು

ತಟ್ಟೆಯಲ್ಲಿ ಒಂದಗುಳು ಬಿಟ್ಟು ಏಳೋದು ನಮ್ಮನೆಯವರಿಗೆ ಗೊತ್ತೇ ಇಲ್ಲ. ಲಿಂಗ ಕಟ್ಟಿಕೊಂಡ ಮನೆ. ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ ಅಂತ ಅತ್ತೆ ಇವರಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಉಂಡಾದ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಲ್ಲಿ ಬಳಿದು, ಆ ನೀರನ್ನೂ ಕುಡಿದೇ ಇವರು ಏಳೋದು. ನಾನು ಮದುವೆಯಾಗಿ ಬಂದ ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಇನ್ನೊಂದು ವಿಷಯ. ‘ಇನ್ನೊಂಚೂರು ಹಾಕು’ ಅಂತ ಬಾಯಿಬಿಟ್ಟು ಕೇಳಿದವರಲ್ಲ ಇವರು. ಕೇಳೋಕೆ ನಾನು ಬಿಟ್ಟರೆ ತಾನೆ! ನನ್ನ ಕೈ ಜೋರು. ‘ಸಾಕು’ ಅನ್ನೋಷ್ಟರಲ್ಲಿ ಸೌಟು ಮಗುಚಿರುತ್ತೆ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಸುರಿದವಳು ನಾನು. ನಮ್ಮಮ್ಮ ನಮ್ಮಪ್ಪನಿಗೆ ಹಾಗೇ ಬಡಿಸ್ತಿದ್ದಳು. ಗಂಡಸರು ಸಾಕು ಅಂದರೆ ಅದು ಬಾಯಿಮಾತು, ಹೊಟ್ಟೆಗೆ ಇನ್ನೊಂದು ಸೌಟು ಹಿಡಿಯುತ್ತೆ ಅನ್ನೋಳು. ನಾನೂ ಅದನ್ನೇ ನಂಬಿದ್ದೆ.

ದೇವರಾಜ ಮಾರುಕಟ್ಟೆ ಹತ್ತಿರ ಇವರದೊಂದು ಪಾತ್ರೆ ಅಂಗಡಿ. ನಜರ್‌ಬಾದಿನ ಮನೆಯಿಂದ ಸ್ಕೂಟರ್‌ನಲ್ಲಿ ಹೋಗೋದು, ಇಡೀ ದಿನ ಕೂರೋದು, ಸ್ಕೂಟರ್‌ನಲ್ಲೇ ಬರೋದು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಮಾತ್ರೆ ನುಂಗಿಕೊಂಡು ಆರಾಮಾಗಿದ್ದರು. ಹೋದ ದಸರಾ ಮುಗಿದ ವಾರ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯ್ತು. ತಿಂಗಳಾದರೂ ಒಣಗಲಿಲ್ಲ.

ನಮ್ಮ ಮಾವನವರಿಗೂ ಶುರುವಾಗಿದ್ದು ಹೆಬ್ಬೆರಳಿಂದಲೇ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಅದರ ಮುಂದಿನ ಯುಗಾದಿಗೆ ಅವರಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಯ ನೋಡಿ, ‘ಊಟ ಕಮ್ಮಿ ಮಾಡಿ. ಅನ್ನದ ಬದಲು ಸಿರಿಧಾನ್ಯ, ಸೊಪ್ಪು, ಕಾಳು ತಿನ್ನಿ. ಸಕ್ಕರೆ ಹತೋಟಿಗೆ ಬರದೆ ಇದು ಮಾಯಲ್ಲ’ ಅಂದರು. ನಾನು ಸಿರಿಧಾನ್ಯವನ್ನು ಗಟ್ಟಿಯಾಗಿ ಹಿಡ್ಕೊಂಡೆ. ಕಮ್ಮಿ ಮಾಡಿ ಅಂದದ್ದು ಆ ಕ್ಷಣಕ್ಕೇ ಮರೆತುಹೋಯ್ತು.

ಮಾರನೇ ದಿನದಿಂದ ಮನೆಗೆ ಅಕ್ಕಿ ಬರಲಿಲ್ಲ. ನವಣೆ ಬಿಸಿಬೇಳೆ ಬಾತು, ಸಾಮೆ ಪೊಂಗಲ್, ರಾತ್ರಿಗೆ ರಾಗಿಮುದ್ದೆ. ‘ನವಣೆ ಕಣ್ರೀ, ಮೈಗೆ ಒಳ್ಳೇದು’ ಅಂತ ಎರಡು ಸೌಟು ಹಾಕೋ ಕಡೆ ಮೂರು ಹಾಕಿದೆ. ಇವರು ಎಲ್ಲಾ ತಿಂದರು, ನೀರು ಹಾಕಿ ಬಳಿದು ಕುಡಿದರು. ಒಂದು ತಿಂಗಳ ಮೇಲೆ ರಕ್ತ ಕೊಟ್ಟು ನೋಡಿದರೆ ಸಕ್ಕರೆ ಇನ್ನೂ ಏರಿತ್ತು!

‘ಹೊರಗಡೆ ಏನಾದರೂ ತಿಂತೀರಾ?’ ಅಂತ ಡಾಕ್ಟರು ಕೇಳಿದರು. ಇವರು ನೆಲ ನೋಡಿದರು. ನನಗೆ ಅಷ್ಟೇ ಸಾಕಾಯ್ತು. ಮಾರ್ಕೆಟ್ ಸುತ್ತ ಹೋಟೆಲಿಗೇನು ಬರ, ಸ್ವೀಟಿಗೇನು ಬರ? ಮನೆಗೆ ಬರೋ ದಾರಿಯುದ್ದಕ್ಕೂ ಆಟೋದಲ್ಲಿ ಬೈದೆ. ‘ನಾನು ಒಲೆ ಮುಂದೆ ಬೇಯೋದು, ನೀವು ಕದ್ದು ಮೈಸೂರು ಪಾಕ್ ತಿನ್ನೋದು! ನಿಮ್ಮಪ್ಪನ ಹಾಗೇ ಹೋಗ್ಬೇಕು ಅಂತಿದ್ದೀರಾ?’ ಆಡಬಾರದ ಮಾತು, ಆಡಿಬಿಟ್ಟೆ.

ಮಾರನೇ ದಿನ ಮಧ್ಯಾಹ್ನ ಕಳ್ಳನನ್ನು ಹಿಡಿಯೋಕೆ ಹೊರಟೆ. ಅಂಗಡಿಯಲ್ಲಿ ಇವರು ಯಾರಿಗೋ ಕುಕ್ಕರ್ ತೋರಿಸ್ತಿದ್ದರು. ನಾನು ಎದುರಿನ ಹೂವಿನ ಅಂಗಡಿಗೆ ಹೋಗಿ, ಒಂದು ಮೊಳ ಮಲ್ಲಿಗೆ ಕೊಳ್ಳೋ ನೆಪದಲ್ಲಿ ಅಲ್ಲಿನ ಯಜಮಾನನ ಹತ್ತಿರ ವಿಚಾರಿಸಿದೆ. ನಮ್ಮನೆಯವರು ಸಾಯಂಕಾಲ ಏನು ತರಿಸ್ಕೊಂಡು ತಿಂತಾರೆ ಅಂತ.

‘ಅಯ್ಯೋ ಬುಡಕ್ಕಾ, ಸಕ್ಕರೆ ಇಲ್ದಿರೋ ಟೀ ಒಂದು ಬುಟ್ರೆ ಅಣ್ಣ ಏನೂ ಮುಟ್ಟಲ್ಲ. ನಾನು ಬಾಳೆಹಣ್ಣು ಕೊಟ್ರೂ ಬೇಡ ಅಂತಾರೆ. ಮನೇಲಿ ಉಂಡಿದ್ದೇ ಇನ್ನೂ ಇಳಿದಿಲ್ಲ ಕಣೋ ಅಂತ ಎದೆ ನೀವ್ಕೊಳ್ತಾ ಕೂತಿರ್ತಾರೆ.’

ಹೂವಿನ ಪೊಟ್ಟಣ ಹಿಡ್ಕೊಂಡು ನಿಂತೇ ಇದ್ದೆ. ಅಷ್ಟರಲ್ಲಿ ಇವರು ನನ್ನನ್ನು ನೋಡಿಬಿಟ್ಟಿದ್ದರು. ಗಿರಾಕಿ ಹೋದ ಮೇಲೆ ಕರೆದು, ಸ್ಟೂಲ್ ಹಾಕಿ ಕೂರಿಸಿದರು. ಕೋಪ ಇರಲಿಲ್ಲ. ‘ನಾನು ಯಾವತ್ತಾದ್ರೂ ಬೇಕು ಅಂತ ಕೇಳಿದ್ದೀನೇನೆ? ನೀನು ಬಡಿಸ್ತೀಯ. ಬಿದ್ದಿದ್ದನ್ನ ಬಿಡೋ ಹಾಗಿಲ್ಲ’ ಅಂದರು.

ನಾಚಿಕೆಯಿಂದ ಸತ್ತುಹೋಗೋ ಹಾಗಾಯ್ತು. ಪ್ರೀತಿ ಅಂತ ತಿಳ್ಕೊಂಡು ಇಷ್ಟು ವರ್ಷ ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿ, ಕೊನೆಗೆ ಕದ್ದು ತಿಂತೀರಿ ಅಂತ ಬೈದವಳೂ ನಾನೇ. ಅಂಗಡಿ ಅನ್ನೋದನ್ನೂ ನೋಡದೆ ಅತ್ತುಬಿಟ್ಟೆ. ಇವರು ಎದ್ದು ಹೋಗಿ, ಸಾಲಾಗಿ ನೇತುಹಾಕಿದ್ದ ಸೌಟುಗಳಲ್ಲಿ ತೀರ ಚಿಕ್ಕದೊಂದನ್ನು ತಂದರು. ಮಕ್ಕಳಿಗೆ ಪಾಯಸ ಬಡಿಸೋ ಅಳತೆಯದು. ಪೇಪರ್ ಸುತ್ತಿ ನನ್ನ ಕೈಗಿಟ್ಟು, ‘ಇವತ್ತಿಂದ ಇದರಲ್ಲಿ. ಒಂದೇ ಸಲ’ ಅಂದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಬಡಿಸಿ ಮುಗಿಸಿದ ಮೇಲೂ ಕೈ ತಾನಾಗಿ ಪಾತ್ರೆ ಕಡೆ ಹೋಗೋದು. ಒಂದೊಂದು ದಿನ ಸೌಟನ್ನು ಸಿಂಕಿಗೆ ಹಾಕಿ ಬಂದು ಕೂರ್ತಿದ್ದೆ. ತಟ್ಟೆಯ ಅರ್ಧ ಭಾಗ ಸೊಪ್ಪಿನ ಪಲ್ಯ, ಹುರುಳೀಕಾಯಿ, ಮೊಳಕೆಕಾಳು. ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದನ್ನು ನೋಡಿ ಇವರು ಶುರು ಮಾಡೋರು: ‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ...’ ನಾಲ್ಕನೇದು ಬರೋಕೆ ಮುಂಚೆ ನಾನು ‘ಬಾಯಿ ಮುಚ್ಕೊಂಡು ಸೊಪ್ಪು ತಿನ್ರೀ’ ಅಂತಿದ್ದೆ. ದಿನಾ ಗಾಯ ತೊಳೆದು ಮುಲಾಮು ಹಚ್ಚಿದೆ. ಸಕ್ಕರೆ ಮೆಲ್ಲಗೆ ಇಳೀತು. ಶಿವರಾತ್ರಿ ಹೊತ್ತಿಗೆ ಹೆಬ್ಬೆರಳಿನ ಮೇಲೆ ಹೊಸ ಚರ್ಮ ಬಂತು. ಅವತ್ತು ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ.

ಆಮೇಲೆ ಯುಗಾದಿ ಬಂತು. ಹಬ್ಬಕ್ಕೆ ಒಂದು ಒಬ್ಬಟ್ಟು ತಿನ್ನಬಹುದು ಅಂತ ಡಾಕ್ಟರು ಒಪ್ಪಿದ್ದರು. ಅಂಗೈಯಗಲದ್ದು ತಟ್ಟಿ, ಬಿಸಿಯಾಗಿ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟೆ. ಇವರು ಚೂರು ಚೂರೇ ಮುರಿದು ನಿಧಾನವಾಗಿ ತಿಂದರು. ತಿಂದಾದ ಮೇಲೆ ತಟ್ಟೆಗೆ ನೀರು ಹಾಕಲಿಲ್ಲ. ಬೆರಳಿಗಂಟಿದ ತುಪ್ಪ ನೋಡ್ತಾ ಕೂತರು. ಆಮೇಲೆ ತಲೆ ಎತ್ತಿ, ‘ಇನ್ನೊಂದು ಹಾಕ್ತೀಯೇನೆ?’ ಅಂದರು.

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಇನ್ನೊಂದು ಒಬ್ಬಟ್ಟು ಆಗಷ್ಟೇ ಹೆಂಚಿನ ಮೇಲೆ ಉಬ್ಬಿತ್ತು. ‘ಇಲ್ಲ ಕಣ್ರೀ’ ಅಂದೆ.

ಇವರು ಲೋಟ ತಗೊಂಡು ತಟ್ಟೆಗೆ ನೀರು ಹಾಕಿದರು, ಬೆರಳಲ್ಲಿ ಬಳಿದರು, ಕುಡಿದರು. ‘ಆಯ್ತು ಬಿಡು. ಮುಂದಿನ ಯುಗಾದಿಗೆ ಹಾಕು’ ಅಂತ ಎದ್ದು ಹೋದರು.

ನಾನು ಒಲೆ ಆರಿಸಿ, ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಅತ್ತೆ. ಆಮೇಲೆ ಉಳಿದ ಒಬ್ಬಟ್ಟನ್ನೆಲ್ಲ ಡಬ್ಬಿಗೆ ತುಂಬಿ, ಆ ಕ್ಷಣವೇ ಪಕ್ಕದ ಮನೆಗೆ ಕೊಟ್ಟುಬಂದೆ. ಮನೆಯಲ್ಲಿ ಇಟ್ಟಿದ್ದರೆ ನನ್ನ ಕೈ ತಡೀತಿರಲಿಲ್ಲ.