ಅಜ್ಜನ ಗಾಡಿಯ ಮುಂದಿನ ಕಾಲುಗಳು

ಮಕ್ಕಳೇ, ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕನ್ನಡ ಓದಲು ಬಾರದವರಿಗೆ ಮೊಮ್ಮಕ್ಕಳಲ್ಲಿ ದೊಡ್ಡವಳು ಓದಿ ಹೇಳಲಿ.

ನಿಮ್ಮ ಅಜ್ಜ ಇಲ್ಲಿ ಮುಂಬಯಿಯಲ್ಲಿ, ಸಯನ್‌ನ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ವಾರವೆಲ್ಲ ಕಾವಲಿಯ ಮುಂದೆ ನಿಂತ ಮನುಷ್ಯ ಭಾನುವಾರ ಬೆಳಗಾದರೆ ಡರ್ಟ್ ಬೈಕ್ ಹತ್ತಿ ಊರಾಚೆಯ ಮಣ್ಣುಗುಡ್ಡಗಳಿಗೆ ಹೋಗುತ್ತಿದ್ದರು. ಸಿನಿಮಾದಲ್ಲಿ ಗಾಡಿ ಹಾರಿಸುತ್ತಿದ್ದ ಗಿರಾಕಿಯೊಬ್ಬರಿಂದ ಕೊಂಡ, ಹೊರದೇಶದ ಹಳೆಯ ಗಾಡಿ. ಅದಕ್ಕೆ ಒಬ್ಬರದೇ ಸೀಟು. ಹಿಂದೆ ಕೂತವರಿಗೆ ಕಾಲಿಡಲು ಸಹ ಏನೂ ಇರಲಿಲ್ಲ. ಹಾಗಾಗಿ ನಾನು ಒಂದು ದಿನವೂ ಅದರಲ್ಲಿ ಕೂತಿಲ್ಲ. ಬಟ್ಟೆ ಹಿಡಿದು ಒರೆಸಲು ಹೋದರೂ ಅವರು ಬಿಡುತ್ತಿರಲಿಲ್ಲ.

"ದೂರ ಇರು ಮಾರಾಯ್ತಿ. ಅದು ನಿನ್ನ ಕಾಲುದೀಪ ಅಲ್ಲ," ಎಂದು ನಗುತ್ತಿದ್ದರು. ಭಾಗಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯ ಚಿಂದಿಯಿಂದ ತಾವೇ ಒರೆಸಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಒಂಬತ್ತು ವರ್ಷ ಗಾಡಿ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ನಿಂತಿತ್ತು. ಕಳೆದ ವರ್ಷ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವುದೆಂದಾಯಿತು. ಅಲ್ಲಿಯವರೆಗೆ ಬಾಡಿಗೆ ಮನೆ. ನಿಮ್ಮ ದೊಡ್ಡವಳ ಅಪ್ಪ, ನನ್ನ ಮಗ, ಊಟಕ್ಕೆ ಕೂತಾಗ ಹೇಳಿದ: "ಅಮ್ಮ, ಓಡುವ ಗಾಡಿ ಆದ್ರೆ ಎಲ್ಲಾದ್ರೂ ಇಟ್ಕೊಳ್ಳುವ. ಓಡದಿದ್ರೆ ಗುಜರಿಗೆ, ಭಂಗಾರ್‌ನವನಿಗೆ ಕೊಡ್ಲೇಬೇಕು. ಅಲ್ಲಿ ನಮಗೇ ಜಾಗ ಇಲ್ಲ."

ಇಂಜಿನ್ ಸರಿಯಿದೆ ಎಂದು ಬೀದಿಯ ಮೆಕ್ಯಾನಿಕ್ ಹೇಳಿದ. ಕೆಟ್ಟದ್ದು ಮುಂದಿನ ಫೋರ್ಕ್. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಉದ್ದನೆಯ ಕಾಲುಗಳು ಅವು. ದಪ್ಪ ಪೈಪಿನೊಳಗೆ ಹೊಳೆಯುವ ಸಪುರ ಪೈಪು ಜಾರಬೇಕು. ನಮ್ಮದು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ, ಎಣ್ಣೆಯೆಲ್ಲ ಸೋರಿಹೋಗಿತ್ತು. ಅವನು ಎರಡನ್ನೂ ಬಿಚ್ಚಿ, ಗಾಡಿಯ ಮೂತಿಯನ್ನು ಮರದ ಪೆಟ್ಟಿಗೆಯ ಮೇಲೆ ಇಟ್ಟುಹೋದ.

ಫೋರ್ಕುಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ದೊಡ್ಡವಳೂ ನಾನೂ ಲೋಕಲ್ ಹತ್ತಿ ಜೋಗೇಶ್ವರಿಗೆ ಹೋದೆವು. ಅಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡ ವಿಜಯಪುರ ಕಡೆಯವರೊಬ್ಬರಿದ್ದರು. ಕನ್ನಡದವರು ಎಂದು ಗೊತ್ತಾದ ಕೂಡಲೇ ಅವಳು ನನ್ನನ್ನು ಮುಂದೆ ತಳ್ಳಿದಳು.

"ಅಜ್ಜಿ, ನೀನು ಬೋಲ್ ನಾ. ನನ್ನ ಕನ್ನಡ ಕೇಳಿದ್ರೆ ಅವ್ರು ಓಡಿಹೋಗ್ತಾರೆ."

ನಾನು ಗಂಟನ್ನು ಅವರ ಮುಂದೆ ಇಟ್ಟೆ. ಅವರೇ ಬೆಡ್‌ಶೀಟು ಬಿಚ್ಚಿ, ಪೈಪಿನ ಮೇಲೆ ಉಗುರು ಎಳೆದು ನೋಡಿದರು.

"ಏನವ್ವಾ, ಇದಕ್ಕ ಯಾರ್ ಆ್ಯಸಿಡ್ ಹಚ್ಯಾರ?"

"ಸಮುದ್ರದ ಹವಾ ಅಲ್ವಾ, ಅದಕ್ಕೆ," ಎಂದಳು ದೊಡ್ಡವಳು.

"ಹವಾ ಹಿಂಗ ತಿನ್ನಂಗಿಲ್ಲ ತಂಗಿ. ಅದು ಎಲ್ಲಾ ಕಡಿ ತಿಂತೈತಿ. ಇದು ನೋಡು, ಹಚ್ಚಿದಲ್ಲಷ್ಟ ತಿಂದೈತಿ."

"ರಿಪೇರಿ?"

"ಕುಳಿ ಭಾಳ ಆಳ ಹೋಗ್ಯಾವ. ಅಷ್ಟೂ ಕೆರದು ತಗದ್ರ ಪೈಪ್ ಹಪ್ಪಳ ಆಕ್ಕೈತಿ. ಬ್ಯಾರೆ ಫೋರ್ಕೇ ಹುಡುಕ್ರಿ."

"ಬೇರೆ ಬೈಕಿಂದು ಹಾಕಿದ್ರೆ?"

"ಹಾಕಬೌದು, ಆನಿಗೆ ಕುರಿ ಕಾಲ ಹಚ್ಚಿದಂಗ," ಎಂದು ಅವರು ನಕ್ಕರು. ದೊಡ್ಡವಳೂ ನಕ್ಕಳು. ನಾನು ಬೆಡ್‌ಶೀಟು ಮಡಚುತ್ತಿದ್ದೆ.

ಯಾರು ಹಚ್ಚಿದ್ದೆಂದು ನನಗೆ ಆಗಲೇ ತಿಳಿದಿತ್ತು.

ಆಯುಧಪೂಜೆಗೆ ಆ ಗಾಡಿಗೂ ಹೂ ಮುಡಿಸುವ ಪದ್ಧತಿ ನಮ್ಮಲ್ಲಿ. ಅವರು ಹೋದ ಮೇಲೆ ಕುಂಕುಮ ಇಡುವ ಕೈ ನನ್ನದಲ್ಲವೆಂದು ಆ ಕೆಲಸ ಮಗ ಮಾಡುತ್ತಿದ್ದ. ತೊಳೆಯುವುದೊಂದು ನನಗೆ ಉಳಿಯಿತು. ಅದನ್ನಾದರೂ ಚೆನ್ನಾಗಿ ಮಾಡೋಣವೆಂದುಕೊಂಡೆ. ಹಿತ್ತಾಳೆಯ ದೀಪಗಳಿಗೆ ಹೇಗೋ ಹಾಗೆಯೇ, ಹೊಳೆಯುವ ಆ ಪೈಪುಗಳಿಗೆ ಹುಣಸೆಹಣ್ಣೂ ಉಪ್ಪೂ ಕಲಸಿ ಹಿಂದಿನ ಸಂಜೆಯೇ ಬಳಿದಿಟ್ಟು, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಮೊದಲ ವರ್ಷ ಕನ್ನಡಿಯ ಹಾಗಾಯಿತು. ಆಮೇಲೆ ಸಣ್ಣ ಕಪ್ಪು ಚುಕ್ಕಿಗಳು ಬಂದವು. ಕೊಳೆ ಹೋಗಿಲ್ಲವೆಂದು ಮರುವರ್ಷ ಉಪ್ಪು ಹೆಚ್ಚು ಹಾಕಿದೆ. ಹೀಗೆ ಒಂಬತ್ತು ನವರಾತ್ರಿ.

ದೊಡ್ಡವಳು ಮೊಬೈಲಿನಲ್ಲಿ ತಿಂಗಳುಗಟ್ಟಲೆ ಹುಡುಕಿದಳು. ಒಂದು ಕಡೆ ಸಿಕ್ಕ ಫೋರ್ಕು ಗಿಡ್ಡ, ಇನ್ನೊಂದು ಕಡೆಯದು ದಪ್ಪ. ಕೊನೆಗೆ ಅಂಧೇರಿಯಲ್ಲಿ ಶೂಟಿಂಗಿಗೆ ಹಳೆಯ ಗಾಡಿಗಳನ್ನು ಒದಗಿಸುವವರ ಹತ್ತಿರ ಇಂಥದೇ ಇನ್ನೊಂದು ಗಾಡಿ ಇದೆ ಎಂದು ತಿಳಿಯಿತು. ಹೋದೆವು. ತಗಡಿನ ಶೆಡ್ಡಿನಲ್ಲಿ, ಕುದುರೆಗಾಡಿಯ ಪಕ್ಕ ಅದು ನಿಂತಿತ್ತು. ಮೈಯೆಲ್ಲ ಜಿಡ್ಡು, ಧೂಳು. ಯಾರೂ ನೀರು ತಾಗಿಸಿದ ಹಾಗೆ ಕಾಣಲಿಲ್ಲ. ಶೆಡ್ಡಿನ ಯಜಮಾನ ಬಟ್ಟೆಯಿಂದ ಫೋರ್ಕಿನ ಜಿಡ್ಡು ಒರೆಸಿದರು. ಒಳಗೆ ಹೊಸದರ ಹಾಗೆ ಹೊಳೆಯಿತು.

ಅಂದು ನಾನೇ ಮಾತಾಡಿದೆ. ಹರುಕು ಹಿಂದಿಯಲ್ಲಿ, ಕೈ ಮುಗಿದು, ಅದನ್ನು ನಮಗೆ ಕೊಡಿ ಎಂದೆ.

"ಮೌಸಿ, ಇಸ್ ಮೇ ಇಂಜಿನ್ ಹೀ ನಹೀ ಹೈ," ಎಂದರು ಅವರು. "ಸೀನ್ ಮೇ ಖಡಾ ಕರ್ತೇ ಹೈ, ಬಸ್. ಫೋರ್ಕ್ ದೇ ದಿಯಾ ತೋ ಖಡಾ ಕೈಸೇ ರಹೇಗಾ?" ಇಂಜಿನ್ನಿಲ್ಲದ ಗಾಡಿ, ಸೀನಿನಲ್ಲಿ ಸುಮ್ಮನೆ ನಿಲ್ಲಿಸುವುದಷ್ಟೇ, ಫೋರ್ಕು ಕೊಟ್ಟರೆ ಅದು ನಿಲ್ಲುವುದು ಹೇಗೆ ಎಂದು ಅವರ ಮಾತು.

ನಮ್ಮ ಇಂಜಿನ್ ಕೊಡುತ್ತೇವೆ, ಬೇಕಾ ಎಂದು ದೊಡ್ಡವಳು ಕೇಳಿದಳು. ನಿಂತಿರುವ ಗಾಡಿಗೆ ಇಂಜಿನ್ ಯಾಕೆ ಎಂದು ಅವರು ಚಾ ತರಿಸಿದರು. ಒಳ್ಳೆಯ ಮನುಷ್ಯ. ನಾವು ಚಾ ಕುಡಿದು ಬಂದೆವು. ಆಟೋದಲ್ಲಿ ದೊಡ್ಡವಳು ನನ್ನ ಕೈ ಹಿಡಿದು, "ಇನ್ನೂ ಹುಡುಕೋಣ ಅಜ್ಜಿ," ಎಂದಳು. ಮನೆ ಖಾಲಿ ಮಾಡಲು ಎಂಟು ದಿನ ಉಳಿದಿತ್ತು.

ಆ ಎಂಟು ದಿನದಲ್ಲಿ ಏನೂ ಸಿಗಲಿಲ್ಲ. ಭಂಗಾರ್‌ನವರು ಮೂವರು ಬಂದರು. ಮುಂದೆ ಚಕ್ರವಿಲ್ಲದ್ದರಿಂದ ತಳ್ಳಲಾಗದೆ ಎತ್ತಿಕೊಂಡೇ ಹೋದರು.

"ಸಮುದ್ರದ ಹತ್ರ ಇದ್ರೆ ಇದೇ ಗತಿ. ಯಾರೇನು ಮಾಡ್ಲಿಕ್ಕಾಗ್ತದೆ ಅಮ್ಮ?" ಎಂದ ಮಗ.

"ಹೌದು," ಎಂದೆ. ಆ ಹೌದು ಸುಳ್ಳು. ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು. ಗಾಳಿಯದೇನೂ ತಪ್ಪಿಲ್ಲ.

ಇನ್ನೇನಾದರೂ ಇದೆಯಾ ಎಂದು ಭಂಗಾರ್‌ನವರಲ್ಲೊಬ್ಬ ತಿರುಗಿ ಬಂದು ಕೇಳಿದ. ಬೆಡ್‌ಶೀಟಿನ ಗಂಟನ್ನು ಬಿಚ್ಚಿ ಫೋರ್ಕುಗಳನ್ನು ಕೊಟ್ಟೆ. ಕೊಡುವಾಗ ನೋಡಿದೆ: ಮೇಲ್ತುದಿಯಲ್ಲಿ, ಹ್ಯಾಂಡಲಿನ ಕೆಳಗಿನ ಕಬ್ಬಿಣದ ಹಿಡಿತದೊಳಗೆ ಅಡಗಿದ್ದ ನಾಲ್ಕು ಬೆರಳಿನಷ್ಟು ಜಾಗಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅಲ್ಲಿಗೆ ನನ್ನ ಕೈ ಹೋಗುತ್ತಿರಲಿಲ್ಲ. ಅದು ಅವರು ಒರೆಸಿಟ್ಟ ಹಾಗೆಯೇ ಇತ್ತು.