ತೋಟಾ ಡಬ್ಬಿಯ ಗೆಳತಿಯರು

ಅದು ಅಣೆಕಟ್ಟಿನ ಹಿನ್ನೀರು ನಮ್ಮ ಬ್ಯಾಕೋಡಿನ ಕಡೆ ಮೆಲ್ಲಗೆ ಏರುತ್ತಿದ್ದ ಕಾಲ. ನಮ್ಮ ಕೇರಿಯ ಐದು ಮನೆಗಳಲ್ಲಿ ನಾಲ್ಕು ಮನೆಯವರು ಹೆಂಚು, ಬಾಗಿಲು ಕಳಚಿ ಗಾಡಿಗೆ ಹೇರಿಕೊಂಡು ಹೋಗಿದ್ದರು. ನಮ್ಮದು ದಿಬ್ಬದ ಮೇಲಿನ ಮನೆ, ನೀರು ಮುಟ್ಟುವುದಿಲ್ಲವೆಂದು ಅಪ್ಪ ಹೊರಡಲಿಲ್ಲ. ನಾನು ಕೈಗೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಒಂಬತ್ತು ವರ್ಷದ ನಾನು, ಅಪ್ಪ, ಅಪ್ಪನ ಒಂಟಿ ನಳಿಗೆಯ ಕೋವಿ, ಇಷ್ಟೇ ಉಳಿದೆವು. ಶಾಲೆಯೂ ಮುಚ್ಚಿತ್ತು.

ಕಾಡು ಮುಳುಗಿ ಹಂದಿಗಳೆಲ್ಲ ನಮ್ಮ ಕಡೆಗೇ ಬಂದಿದ್ದವು. ಅಪ್ಪನ ಹತ್ತಿರ ಕೋವಿಗೆ ತುಂಬಲು ನಾಲ್ಕೇ ತೋಟಾ. ಕೆಂಪು ಕಾಗದದ ಮೈ, ಹಿತ್ತಾಳೆಯ ಬುಡ.

"ಈ ಸಲ ಗದ್ದೆ ಕೈಗೆ ಬಂದ್ರೆ ಇಲ್ಲೇ ಇರಾಣ. ಇಲ್ದಿದ್ರೆ ನಾವೂ ಹೊರಡದೇ" ಎಂದಿದ್ದ.

ಮಳೆಗಾಲದಲ್ಲಿ ನಮ್ಮವರು ಹಪ್ಪಳ, ಒಣಮೀನು, ಬೀಜ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೇರಿಸುತ್ತಾರೆ. ನಾನು ಜಾಣೆಯಂತೆ ತೋಟಾ ಡಬ್ಬಿಯನ್ನೂ ಅಲ್ಲಿಟ್ಟೆ. ಅಪ್ಪ ಓಡಿಬಂದು ಇಳಿಸಿದ.

"ಅಯ್ಯೋ ಪುಣ್ಯಾತ್ಗಿತ್ತಿ, ಇದು ಹಪ್ಪಳ ಅಲ್ಲ! ಬಿಸಿನೂ ಆಗಲ್ಲ, ಥಂಡಿನೂ ಆಗಲ್ಲ ಇದ್ಕೆ."

ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಥಂಡಿ ಹೀರಲೆಂದು ತೋಟಾಗಳ ಪಕ್ಕದಲ್ಲಿಟ್ಟ. ಮುಚ್ಚಳದ ಸುತ್ತ ಮೇಣ ಮೆತ್ತಿದ.

"ಹಿಂಗಿಟ್ರೆ ನಿನ್ನ ಮದುವೆ ತನಕ ಇರ್ತವೆ. ಮುಚ್ಚಳ ತೆಗೆದ್ರೆ ಒಂದು ಮಳೆಗಾಲ ಸಾಕು, ಕೆಟ್ಟು ಹೋಗ್ತವೆ. ತೆಗೀಬ್ಯಾಡ."

ತೆಗೆದೆ. ಶ್ರಾವಣದ ಮಳೆ ಜಡಿಯುತ್ತಿತ್ತು, ಅಪ್ಪ ದಿನವಿಡೀ ಗದ್ದೆಯಲ್ಲಿ. ಮಾತನಾಡಲು ಬೆಕ್ಕು ಕೂಡ ಇರಲಿಲ್ಲ. ನಾಲ್ಕೂ ತೋಟಾಗಳ ಮೇಲೆ ಪೆನ್ಸಿಲಿನಿಂದ ಊರು ಬಿಟ್ಟು ಹೋದ ಗೆಳತಿಯರ ಹೆಸರು ಬರೆದೆ: ಗಿರಿಜಾ, ಲಚ್ಚಿ, ಸೀತು, ನಾಗಿ. ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ಚನ್ನೆಮಣೆ ಇಟ್ಟು, ಎಲ್ಲರ ಪಾಲಿನ ಆಟವನ್ನೂ ನಾನೇ ಆಡುತ್ತಿದ್ದೆ. ಬೇಕೆಂದೇ ಸೋಲುತ್ತಿದ್ದೆ, ಅವರು ಬೇಜಾರು ಮಾಡಿಕೊಂಡು ಮನೆಗೆ ಹೋಗದಿರಲಿ ಎಂದು. ಅಪ್ಪ ಬರುವ ಹೊತ್ತಿಗೆ ಡಬ್ಬಿಗೆ ತುಂಬಿ ಮೇಣವನ್ನು ಬೆರಳಿನಿಂದ ಒತ್ತಿಬಿಡುತ್ತಿದ್ದೆ. ಕೈಗೆ ಮದ್ದಿನ ವಾಸನೆ ಅಂಟಿರುತ್ತಿತ್ತು.

ಆಶ್ವೀಜದಲ್ಲಿ ಭತ್ತ ಹಾಲುಗಟ್ಟಿ ಬಾಗಿತ್ತು. ಒಂದು ಬೆಳಗಿನ ಜಾವ ಹಂದಿಗಳ ಹಿಂಡು ಗದ್ದೆಗೆ ಇಳಿಯಿತು. ಅಪ್ಪ ಕೋವಿಗೆ ತೋಟಾ ತುರುಕಿದ, ಒಳಗೆ ಹೋಗಲಿಲ್ಲ. ಥಂಡಿಗೆ ಕಾಗದ ಉಬ್ಬಿತ್ತು. ಎರಡನೆಯದೂ ಹೋಗಲಿಲ್ಲ. ಮೂರನೆಯದು ಅರ್ಧಕ್ಕೇ ಸಿಕ್ಕಿಕೊಂಡಿತು, ನಾಲ್ಕನೆಯದಕ್ಕೆ ದಾರಿಯೇ ಇಲ್ಲ. ತಗಡು ಬಡಿದು, ಗಂಟಲು ಹರಿಯುವಂತೆ ಕೂಗಿದ. ಬಿಸಿಲು ಬರುವಷ್ಟರಲ್ಲಿ ಗದ್ದೆಯೆಲ್ಲ ಕೆಸರಾಗಿತ್ತು.

ಜಗಲಿಯಲ್ಲಿ ಕುಳಿತು ತೋಟಾಗಳನ್ನು ಬೆಳಕಿಗೆ ಹಿಡಿದು ಹೆಸರುಗಳನ್ನು ಒಂದೊಂದಾಗಿ ಓದಿದ. ನಾನು ಕಂಬಕ್ಕೆ ಅಂಟಿಕೊಂಡು ಏಟಿಗೆ ಕಾಯುತ್ತಿದ್ದೆ.

"ದಿನಾ ತೆಗೀತಿದ್ಯಾ?"

"ಹೂಂ."

"ಮಾತಾಡ್ತಿದ್ರಾ ಇವ್ರು?"

"ಇಲ್ಲಪ್ಪ" ಎಂದವಳಿಗೆ ಅಳು ತಡೆಯಲಾಗಲಿಲ್ಲ.

ಅಪ್ಪ ತೋಟಾಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. "ಹೊರಡಾಣ ಮಗಾ. ಮಕ್ಕಳಿರೋ ಕಡೆ ಹೋಗಾಣ" ಎಂದ.

ಹೊಸನಗರಕ್ಕೆ ಬಂದೆವು. ಅಪ್ಪ ಕೋವಿ, ತೋಟಾ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಮರದ ಮಿಲ್ಲಿಗೆ ಸೇರಿದ. ನನಗೆ ವಾರದೊಳಗೆ ಗೆಳತಿಯರು ಸಿಕ್ಕರು. ಅಪ್ಪನಿಗೆ ಕೊನೆಯವರೆಗೂ ಯಾರೂ ಸಿಗಲಿಲ್ಲ. ಸಂಜೆ ಒಬ್ಬನೇ ಹೊರಗೆ ಕುಳಿತಿರುತ್ತಿದ್ದ. ಆಗ ನಾನು ಆಟದಲ್ಲಿ ಮುಳುಗಿರುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಆ ಹಳೆಯ ಡಬ್ಬಿ ಸಿಕ್ಕಿತು. ಮುಚ್ಚಳದ ಸುತ್ತ ಹೊಸ ಮೇಣ. ಒಳಗೆ ಹುರಿದ ಅಕ್ಕಿಯ ಗಂಟು, ಅದೂ ಹೊಸದೇ. ಅದರ ಪಕ್ಕದಲ್ಲಿ ನಮ್ಮ ಗದ್ದೆಯ ಒಂದು ಹಿಡಿ ಭತ್ತ. ಹಂದಿ ತುಳಿದು ಉಳಿದದ್ದನ್ನು ಹೆಕ್ಕಿ ತಂದಿದ್ದನೆಂದು ಕಾಣುತ್ತದೆ.

ಇಷ್ಟು ವರ್ಷವಾದರೂ ಭತ್ತಕ್ಕೆ ಥಂಡಿ ತಾಗಿರಲಿಲ್ಲ. ಅಷ್ಟನ್ನೂ ಕುಂಡದಲ್ಲಿ ಬಿತ್ತಿ ದಿನವೂ ನೀರೆರೆದೆ. ಒಂದು ಕಾಳೂ ಮೊಳೆಯಲಿಲ್ಲ.