ಮೇಷ್ಟ್ರ ಸಂಬಂಧ ವಿಚಾರಿಸಿದ್ದು

ನಾನು ಅರಸೀಕೆರೆ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಕಾಫಿ ಕೊಡ್ತಿದ್ದಾಗ, ಮಹಡಿ ಮೇಲೆ ಒಬ್ಬ ಮೇಷ್ಟ್ರು ಕಂಪ್ಯೂಟರ್ ಹುಡುಗರಿಗೆ ಪಾಠ ಮಾಡೋಕೆ ಬಂದಿದ್ದರು. ಆಫೀಸಿನ ಕೆಲಸ ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರ ಹತ್ತಿರ ತಾನಾಗೇ ಹೋಗೋ ಸಾಫ್ಟ್‌ವೇರಂತೆ. ಅದನ್ನು ಬೇಕಾದ ಹಾಗೆ ತಿದ್ದಿ ಬೆಳೆಸೋದೇ ಪಾಠ.

ಅಭ್ಯಾಸಕ್ಕೆ ಅಂತ ಹುಡುಗರು ಮದುವೆ ಕೆಲಸ ತಗೊಂಡರು. ಜಾತಕ ಆಯ್ತು, ಹೆಣ್ಣು ನೋಡೋದಾಯ್ತು, ನೇರ ಲಗ್ನಪತ್ರಿಕೆ! ನನಗೆ ತಡೀಲಿಲ್ಲ.

“ಅಕ್ಕಪಕ್ಕದ ಮನೇಲಿ ವಿಚಾರಿಸೋದು ಬೇಡವೇನ್ರೋ?”

ಹೌದಲ್ವಾ ಅಂತ ಅದನ್ನೂ ಸೇರಿಸಿದರು. ತಮಾಷೆಗೆ ವರ ಮೇಷ್ಟ್ರು, ವಿಚಾರಿಸೋಳು ನಾನು ಅಂತ ಹಾಕಿದರು; ಹೆಣ್ಣಿನ ಹೆಸರಿನ ಜಾಗ ಖಾಲಿ ಬಿಟ್ಟರು.

ಅಷ್ಟರಲ್ಲಿ ಮೇಷ್ಟ್ರ ಮೇಲಿನ ಸಾಹೇಬರು ಪಾಠ ನೋಡೋಕೆ ಬಂದುಬಿಟ್ಟರು. ಅವರೆದುರಿಗೇ ಕಂಪ್ಯೂಟರಿನಲ್ಲಿ ಮದುವೆ ನನ್ನ ಹೆಸರಿನ ಹತ್ತಿರ ಬಂದು ನಿಂತಿತು. “ಅಜ್ಜಿಯೇ ಒತ್ತಲಿ,” ಅಂದರು ಸಾಹೇಬರು. ಮೌಸ್ ನನ್ನ ಕೈಗೆ ಬಂತು.

“ಅಜ್ಜಿ, ಹಸಿರು ಬಟನ್ ಒತ್ತಿ. ಇದು ಮುಂದಕ್ಕೆ ಹೋಗದಿದ್ರೆ ನನ್ನ ನೌಕರಿ ಹೋಗುತ್ತೆ,” ಅಂತ ಮೇಷ್ಟ್ರು ಪಿಸುಗುಟ್ಟಿದರು.

“ವಿಚಾರಿಸದೆ ಒತ್ತೋದಾ? ಇಷ್ಟು ವಯಸ್ಸಾದರೂ ಯಾಕ್ರೀ ಮದುವೆ ಆಗಿಲ್ಲ?”

“ಒಂದು ನಿಶ್ಚಿತಾರ್ಥ ಆಗಿತ್ತು. ಮುರಿದುಬಿತ್ತು.”

“ಯಾಕೆ?”

“ಹುಡುಗಿಗಿಂತ ಅವಳ ತಂಗಿ ಲಕ್ಷಣವಾಗಿದಾಳೆ ಅಂತ ಅವರಮ್ಮನ ಹತ್ತಿರ ಅಂದುಬಿಟ್ಟೆ.”

ಅಯ್ಯೋ ನಿನ್ನ ಬಾಯಿಗಿಷ್ಟು! ಕೆಂಪು ಬಟನ್ ಒತ್ತಿದೆ. ‘ವರ ಬೇಡ’ ಅಂತ ಬಂದು, ಎಲ್ಲಾ ವಾಪಸ್ಸು ಹೋಯ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಸಾಹೇಬರು ಚಪ್ಪಾಳೆ ತಟ್ಟಿದರು. “ಶಭಾಷ್! ಬೇಡ ಅಂದ್ರೆ ಏನಾಗುತ್ತೆ ಅಂತ ಇಲ್ಲೀವರೆಗೆ ಯಾರೂ ತೋರಿಸಿರಲಿಲ್ಲ ಕಣ್ರೀ!”

ನೌಕರಿ ಉಳೀತು. ನಾನು ಎಷ್ಟೋ ಸಂಬಂಧ ತಪ್ಪಿಸಿದೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಹೆಣ್ಣೇ ಇಲ್ಲದ ಮದುವೆ ಮುರಿದದ್ದು ಅದೊಂದೇ.